ರಟ್ಟಿನ ಇಂಜಿನ್ನಿನ ಹರಕೆ

ಊದುಬತ್ತಿ ಮುಗಿದ ಮೇಲೆ ಉಳಿಯುವ ದುಂಡನೆಯ ರಟ್ಟಿನ ಕೊಳವೆಯನ್ನು ನೀವು ಏನು ಮಾಡುತ್ತೀರೋ ನನಗೆ ತಿಳಿಯದು. ಆದೋನಿಯ ನಮ್ಮ ಮನೆಯಲ್ಲಿ ಅವು ದೇವರ ಗೂಡಿನ ಹಿಂದೆ ಸಾಲಾಗಿ ನಿಂತು, ಯಾವ ಕೆಲಸಕ್ಕೂ ಬಾರದೆ, ದೇವರ ಸನ್ನಿಧಿಯಲ್ಲಿದ್ದ ಕಾರಣಕ್ಕೆ ಎಸೆಯಲೂ ಬಾರದೆ, ಪಿಂಚಣಿದಾರರ ಹಾಗೆ ಕಾಲ ಕಳೆಯುತ್ತವೆ. ಒಂದು ಬೆಳಿಗ್ಗೆ ಪೂಜೆಯ ಪಾತ್ರೆ ತೊಳೆದಿಡುತ್ತ ಅವುಗಳಲ್ಲೊಂದನ್ನು ಕೈಗೆತ್ತಿಕೊಂಡೆ. ಹಳೆಯ ಅಭ್ಯಾಸ, ಸ್ಕೇಲು ತಂದು ಅದರ ಬಾಯಿಯ ಅಗಲ ಅಳೆದೆ. ಸರಿಯಾಗಿ ಒಂದೂಕಾಲು ಅಂಗುಲ. ಅಡಿಗೆ ಅರ್ಧ ಅಂಗುಲದ ಲೆಕ್ಕ ಹಿಡಿದರೆ ಎರಡೂವರೆ ಅಡಿ. ಎರಡೂವರೆ ಅಡಿ ಅಗಲದ ಬಾಯ್ಲರು ಯಾವ ಇಂಜಿನ್ನಿಗೆ ಇತ್ತೆಂಬುದು ಈ ಊರಿನಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿದಿರಲಾರದು. ತಿಳಿದುಕೊಳ್ಳುವ ಅಗತ್ಯವೂ ಯಾರಿಗೂ ಇಲ್ಲ, ಅದು ಬೇರೆ ಮಾತು.

ನಾನು ಕಾಲುವೆ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಈಗ ಆ ಹುದ್ದೆಯೂ ಇಲ್ಲ, ಆ ಹೆಸರು ಕೇಳಿದವರೂ ಕಡಿಮೆ. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳುವಾದ ಬಟ್ಟೆಯನ್ನು ಹಾಸಿ, ಕೆಳಗೆ ಕಾಣುವ ಒಂದೊಂದು ಗೆರೆಯನ್ನೂ ಕಪ್ಪು ಮಸಿಯಲ್ಲಿ ಮೇಲೆ ತೆಗೆಯುವುದು ಟ್ರೇಸರಿನ ಕೆಲಸ. ಗೆರೆ ನಮ್ಮದಲ್ಲ, ಗೆರೆಯ ಹಿಂದಿನ ಬುದ್ಧಿ ನಮ್ಮದಲ್ಲ, ಮೂಲೆಯಲ್ಲಿ ಬೀಳುವ ಸಹಿಯಂತೂ ನಮ್ಮದಲ್ಲವೇ ಅಲ್ಲ. ಗೆರೆ ಸೊಟ್ಟಗಾದರೆ ಮಾತ್ರ ಅದು ನಮ್ಮದು. ಹೀಗೆ ಪರರ ಗೆರೆಗಳ ಮೇಲೆ ಕೈಯಾಡಿಸುತ್ತ ನಾನು ಅರ್ಧ ಆಯುಷ್ಯ ಕಳೆದೆ. ಆಮೇಲೆ ಕಂಪ್ಯೂಟರು ಬಂದು, ನನ್ನನ್ನು ಟಪಾಲು ವಿಭಾಗದ ಕುರ್ಚಿಗೆ ಕಳಿಸಿ, ಅಲ್ಲಿಂದ ಮನೆಗೆ ಕಳಿಸಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ದಾಖಲೆ ಕೋಣೆಯಲ್ಲಿ ಹುಳ ತಿನ್ನುತ್ತಿದ್ದ ಹಳೆಯ ನಕ್ಷೆಗಳನ್ನೆಲ್ಲ ಹೊಸದಾಗಿ ತೆಗೆಯಬೇಕೆಂದು ಯಾರೋ ಅಪ್ಪಣೆ ಮಾಡಿದರು. ಆ ರಾಶಿಯಲ್ಲಿ ಒಂದು ಇಂಜಿನ್ನಿನ ನಕ್ಷೆಯಿತ್ತು. ಅಣೆಕಟ್ಟಿನ ಕೆಲಸ ನಡೆದ ಕಾಲದಲ್ಲಿ ಕಲ್ಲು ಸಾಗಿಸಲು ಎರಡೇ ಅಡಿ ಅಗಲದ ಹಳಿಯ ಮೇಲೆ ಓಡಿದ್ದ ಪುಟ್ಟ ಉಗಿಬಂಡಿ ಅದು. ನಾಲ್ಕು ಚಕ್ರ, ಕುಳ್ಳು ಮೈ, ಮೈಗೆ ಮೀರಿದ ಚಿಮಣಿ. ಅಣ್ಣನ ಟೋಪಿ ಹಾಕಿಕೊಂಡು ಫೋಟೋಗೆ ನಿಂತ ಮಗುವಿನ ಗತ್ತು. ನಾನು ಅದರ ಮೇಲೆ ಎಷ್ಟು ತನ್ಮಯಳಾಗಿ ಬಗ್ಗಿದ್ದೆನೆಂದರೆ ಮಸಿಯ ಕುಡಿಕೆಗೆ ಮೊಣಕೈ ತಾಗಿ ಪ್ರತಿ ಕೆಟ್ಟಿತು. ಎರಡನೆಯ ಪ್ರತಿ ಮಾಡಿಕೊಟ್ಟೆ. ಅದನ್ನು ಆಮೇಲೆ ಯಾರೂ ಕೇಳಲಿಲ್ಲ, ಹುಳಗಳು ಕೇಳಿರಬಹುದು. ಕೆಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಗಂಜಿ ಬಿಟ್ಟು ಒಳ್ಳೆಯ ಕರವಸ್ತ್ರವಾಗುತ್ತದೆ. ಆಫೀಸಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನಾನು ಮಾತ್ರ ನನ್ನ ಮೊದಲ ಪ್ರತಿಯನ್ನು ತೊಳೆಯದೆ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿಟ್ಟೆ. ಆ ನಕ್ಷೆ ಅಡಿಗೆ ಅರ್ಧ ಅಂಗುಲದ್ದು. ಮೂವತ್ತು ವರ್ಷಕ್ಕೂ ಮೇಲೆ ನನ್ನ ಸೀರೆಗಳ ಕೆಳಗೆ ಆ ಬಾಯ್ಲರಿದ್ದದ್ದು ಒಂದೂಕಾಲು ಅಂಗುಲ ಅಗಲವಾಗಿಯೇ.

ಹೀಗಾಗಿ ಇಂಜಿನ್ನು ಕಟ್ಟಬೇಕೆಂದು ನಾನು ನಿರ್ಧಾರ ಮಾಡಿದೆನೆಂದರೆ ತಪ್ಪಾದೀತು. ಬಾಯ್ಲರು ಸಿಕ್ಕಿಬಿಟ್ಟಿತು, ಉಳಿದದ್ದನ್ನು ಹುಡುಕುವುದು ನನ್ನ ಪಾಲಿಗೆ ಬಂತು, ಅಷ್ಟೆ.

ಮೊಬೈಲಿನಲ್ಲಿ ನೋಡಿದರೆ ದೂರದೇಶದ ಗಂಡಸರು, ಹೆಚ್ಚಾಗಿ ನನ್ನ ವಯಸ್ಸಿನವರೇ, ಕಡಿಮೆ ಖರ್ಚಿನಲ್ಲಿ ಇಂಥ ಇಂಜಿನ್ನು ಮಾಡುವುದನ್ನು ತೋರಿಸುತ್ತಾರೆ. ಅವರ ಕಡಿಮೆ ಖರ್ಚು ಶುರುವಾಗುವುದು ಒಂದು ಬೆಚ್ಚನೆಯ ವರ್ಕ್‌ಶಾಪಿನಿಂದ. ನಮ್ಮಲ್ಲಿ ಅದು ಶುರುವಾಗುವುದು ಲಗ್ನಪತ್ರಿಕೆಯಿಂದ. ಆದೋನಿಯ ಹತ್ತಿ ವ್ಯಾಪಾರಿಗಳು ಮಕ್ಕಳ ಮದುವೆಗೆ ಅಚ್ಚು ಹಾಕಿಸುವ ಪತ್ರಿಕೆಗಳಷ್ಟು ಗಟ್ಟಿ ರಟ್ಟು ಬೇರೆಲ್ಲೂ ಸಿಗದು. ನನ್ನ ಇಂಜಿನ್ನಿನ ಚಾಲಕನ ಗೂಡು ಮೂರು ಶುಭವಿವಾಹಗಳಿಂದ ನಿರ್ಮಾಣವಾಯಿತು. ರಟ್ಟಿನ ಹಿಂಬದಿಯಿಂದ ಮೊಂಡು ಸೂಜಿ ಒತ್ತಿದರೆ ಮುಂಬದಿಗೆ ಕಬ್ಬಿಣದ ರಿವೆಟ್ಟುಗಳ ಸಾಲು ಏಳುತ್ತದೆ. ಪೆನ್ನಿನ ಮುಚ್ಚಳ ಚಿಮಣಿಯಾಯಿತು. ಗಾಲಿ ಮತ್ತು ಮೋಟರಿಗಾಗಿ ಮಂತ್ರಾಲಯಕ್ಕೆ ದರ್ಶನಕ್ಕೆ ಹೋದಾಗ ಆಟಿಕೆ ಅಂಗಡಿಯ ಮುಂದೆ ನಿಂತು, ಚೀಲದಿಂದ ಸ್ಕೇಲು ತೆಗೆದು, ಬ್ಯಾಟರಿ ರೈಲೊಂದರ ಹಳಿಯ ಅಗಲ ಅಳೆದೆ. ಒಂದು ಅಂಗುಲ! ಎರಡು ಅಡಿಗೆ ಒಂದು ಅಂಗುಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಂಗಡಿಯವನಿಗೆ ಅನುಮಾನ ಬಂದು, "ಅಮ್ಮಾ, ಮಕ್ಕಳು ಆಡೋ ಸಾಮಾನ್ರಿ ಇದು, ಅಳತಿ ಯಾಕ್ ಬೇಕು?" ಎಂದ. ಕೊಂಡು ತಂದ ಮರುದಿನವೇ ಆ ಹೊಚ್ಚಹೊಸ ಆಟಿಕೆಯ ಮೈಯನ್ನು ಚಾಕುವಿನಿಂದ ಕೊಯ್ದು ಬರೀ ಚಕ್ರ ಮತ್ತು ಮೋಟರು ಉಳಿಸಿಕೊಂಡೆ.

ಅಷ್ಟಾಗಿ, ಬೆಳಕಿಗೆಂದು ಅದನ್ನು ಒಂದು ದಿನ ಪಡಸಾಲೆಗೆ ತಂದಾಗ ಪ್ರಶ್ನೆ ಬಂತು.

ನಮ್ಮ ಪಡಸಾಲೆಗೂ ಪಕ್ಕದ ಮನೆಯ ಪಡಸಾಲೆಗೂ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಅದರಾಚೆ ಈರಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಹೊಳಗುಂದದಿಂದ ಮದುವೆಯಾಗಿ ಬಂದವಳು. ಗಂಡ ಹೋದ ಮೇಲೆ ಬ್ಲೌಸು ಹೊಲಿದೇ ಮಗಳು ರೇಣುಕಾಳನ್ನು ಓದಿಸಿದವಳು. ರೇಣುಕಾ ಈಗ ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿ ವಿಶಾಖಪಟ್ಟಣದ ಕಡೆ ಎಲ್ಲೋ ಇದ್ದಾಳೆ. ಈರಮ್ಮ ಗೋಡೆಯ ಮೇಲೆ ಮೊಣಕೈಯೂರಿ, "ಅಕ್ಕಾ, ಏನ್ರಿ ಅದು?" ಎಂದಳು.

"ಇಂಜಿನ್ನು."

"ಚಂದ ಐತ್ರಿ. ಯಾರಿಗ್ರಿ?"

ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಮೊಮ್ಮಗನಿಗೆ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅಷ್ಟರಲ್ಲಿ ಪಂಚಾಂಗದಿಂದ ತಲೆಯೆತ್ತಿ ನಮ್ಮವರೂ, "ಹೌದಲ್ಲಾ, ಯಾರಿಗ ಇದು?" ಎಂದರು. ಅವರು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದವರು. ಶಾಲೆಯಿಂದ ನಿವೃತ್ತರಾಗಿದ್ದಾರೆ, ಮನೆಯಲ್ಲಿ ಇನ್ನೂ ಆಗಿಲ್ಲ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಅರವತ್ತು ದಾಟಿದ ಹೆಂಗಸು ಗೋಂದು ಮೆತ್ತಿದ ಬೆರಳುಗಳನ್ನು ಮುಂದೆ ಹಿಡಿದುಕೊಂಡು ಏನು ತಾನೇ ಹೇಳಬಲ್ಲಳು?

"ಹರಕಿ," ಎಂದೆ.

ಆ ಮೂರಕ್ಷರಕ್ಕಿರುವ ಶಕ್ತಿಯನ್ನು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ. ಈರಮ್ಮ ಮೊಣಕೈ ತೆಗೆದು ಕೈಮುಗಿದಳು. ನಮ್ಮವರು ಪಂಚಾಂಗ ಮುಚ್ಚಿದರು. ಯಾವ ಹರಕೆ, ಯಾಕೆ ಎಂದು ಕೇಳಿಯಾರೆಂದು ಹೆದರಿದ್ದೆ, ಆದರೆ, "ಯಾವುದಕ್ಕಂತ ಹೊರಗ ಹೇಳಬಾರದು. ನಾನೂ ಕೇಳೂದಿಲ್ಲ," ಎಂದು ಅವರೇ ಶಾಸ್ತ್ರ ಹೇಳಿ ನನ್ನನ್ನು ಪಾರುಮಾಡಿದರು. ಆವತ್ತಿನಿಂದ ನನ್ನ ಜೀವನ ಬದಲಾಯಿತು. ಊಟದ ಮನೆಯ ಮೂಲೆಯಲ್ಲಿ ಕದ್ದು ಮಾಡುತ್ತಿದ್ದ ಕೆಲಸಕ್ಕೆ ಪಡಸಾಲೆಯ ಕಿಟಕಿಯ ಬಳಿಯ ಅವರದೇ ಮೇಜು ಬಂತು. ಮಧ್ಯಾಹ್ನ ಮೂರರ ಕಾಫಿಯನ್ನು ಅವರೇ ಮಾಡತೊಡಗಿದರು. ಮನೆಗೆ ಬಂದವರಿಗೆ, "ಆಕಿ ಕೆಲಸದಾಗ ಇದ್ದಾಳ" ಎಂದು ಹೊರಗಿನಿಂದಲೇ ಹೇಳಿ ಕಳಿಸುತ್ತಿದ್ದರು. ನಾನು ನಿಜವಾಗಿ ಕೆಲಸದಲ್ಲಿದ್ದ ಮೂವತ್ತೈದು ವರ್ಷ ಈ ಮಾತು ಅವರ ಬಾಯಿಂದ ಬಂದದ್ದಿಲ್ಲ.

ಸುಖಕ್ಕೆ ಸುಂಕವೂ ಇತ್ತೆನ್ನಿ. ದೇವರಿಗೆ ಸಲ್ಲುವ ವಸ್ತು ಎಂದಮೇಲೆ ಸ್ನಾನವಾಗದೆ ಕತ್ತರಿ ಮುಟ್ಟುವಂತಿಲ್ಲ. ಬಡಗಿ ಕೊಟ್ಟಿದ್ದ ಸರೇಸು ಪ್ರಾಣಿಯ ಅಂಟು, ಆದ್ದರಿಂದ ನಿಷಿದ್ಧ. ಒಂದು ದಿನ ನಮ್ಮವರು ಚಿಮಣಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಇಂದಿರಾ, ಇದು ಯಾವ ಪೆನ್ನಿಂದು?" ಎಂದರು.

"ನಿಮ್ಮದೇ."

"ನಾ ವಿಚಾರ ಮಾಡೋ ಮುಂದ ಪೆನ್ನು ಕಚ್ಚತೀನಿ. ಎಂಜಲದು. ಬ್ಯಾರೆ ಹಚ್ಚು."

ಬೇರೆ ಹಚ್ಚಿದೆ. ಅದು ವಾಲಿತು, ಕಿತ್ತು ಮತ್ತೆ ಹಚ್ಚಿದೆ. ನಕ್ಷೆಯ ಮೇಲೆ ನಿಲ್ಲಿಸಿ ನೋಡಿದರೆ ನೂಲಿನಷ್ಟು ಹಿಂದಕ್ಕಿತ್ತು, ಅದನ್ನೂ ಕಿತ್ತೆ.

ಈ ನಡುವೆ ಈರಮ್ಮ ಒಂದು ಮಧ್ಯಾಹ್ನ ಯಂತ್ರ ನಿಲ್ಲಿಸಿ ನನ್ನ ಪಕ್ಕ ಬಂದು ಕೂತಳು. ಸ್ವಲ್ಪ ಹೊತ್ತು ಇಂಜಿನ್ನನ್ನೇ ನೋಡುತ್ತಿದ್ದು, "ಅಕ್ಕಾ, ನಿಮ್ ಹರಕಿ ಜತಿಗೆ ನಂದೊಂದು ಸೇರಿಸಿಕೊಳ್ರಿ. ರೇಣುಕಾಗ ಈ ಕಡಿಗೆ ಟ್ರಾನ್ಸ್‌ಫರ್ ಆಗಬೇಕು. ರೈಲಿನ ಕೆಲಸ ನೋಡ್ರಿ, ರೈಲಿನ ಹರಕಿನೇ ಸರಿ ಅನ್ನಿಸ್ತು," ಎಂದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಅವಳು ಇಂಜಿನ್ನಿಗೆ ಕೈಮುಗಿದು, ಕಣ್ಣುಮುಚ್ಚಿ, ನನ್ನ ಮೇಜಿನ ಮುಂದೆ ತುಟಿಯಾಡಿಸಿದಳು. ನಾನು ಗೋಂದಿನ ಕುಡಿಕೆಯ ಮುಚ್ಚಳ ತಿರುಗಿಸುತ್ತ ಕೂತಿದ್ದೆ. ಜೀವಮಾನದಲ್ಲಿ ಅಷ್ಟು ಸಣ್ಣವಳಾಗಿ ನಾನು ಕೂತದ್ದು ನೆನಪಿಲ್ಲ.

ಗಡಿಯಾರ ರಿಪೇರಿಯವರ ಕೈಯಲ್ಲಿ ತಂತಿ ಬೆಸೆಸಿಕೊಂಡು ಬಂದ ಮರುದಿನ ಇಂಜಿನ್ನು ಓಡಿತು. ಬ್ಯಾಟರಿ ಸೆಲ್ಲುಗಳಿಗೆ ಆ ಪುಟ್ಟ ಮೈಯೊಳಗೆ ಜಾಗ ಸಾಲದೆ, ಅವನ್ನು ಕೈಯಲ್ಲೇ ಹಿಡಿದು ತಂತಿಯ ಅಂತರದಲ್ಲಿ ಅದರ ಹಿಂದೆ ಬಗ್ಗಿ ನಡೆದೆ. ಪಡಸಾಲೆಯ ಕಂಬದಿಂದ ಕಂಬದವರೆಗೆ ಐದಡಿ ಹಳಿ. ಬಟ್ಟೆಯ ಮೇಲೆ ಮಲಗಿದ್ದ ನನ್ನ ಗೆರೆಗಳು ಎದ್ದು ನಿಂತು, ತಮ್ಮಷ್ಟಕ್ಕೆ ತಾವು ಗರಗರನೆ ಮುಂದೆ ಹೋಗುತ್ತಿದ್ದವು. ನಾನು ಅತ್ತೆನೆಂದು ನಮ್ಮವರು ಆಮೇಲೆ ಹೇಳಿದರು. ಭಕ್ತಿಯಿಂದ ಎಂದು ಅವರು ತಿಳಿದಿದ್ದರು.

ಅದಾಗಿ ವಾರ ಕಳೆದಿರಲಿಲ್ಲ, ಈರಮ್ಮ ಗೋಡೆಯಾಚೆಯಿಂದಲೇ ಕೂಗಿದಳು: "ಅಕ್ಕಾ! ಅಯಿಪೋಯಿಂದಿ, ಆಗೇಬಿಡ್ತು! ಗುಂತಕಲ್ಲಿಗೆ ಹಾಕ್ಯಾರ! ಆರ್ಡರ್ ಬಂದೈತಿ!" ಸಂಜೆಯೊಳಗೆ ಇಡೀ ಬೀದಿಗೆ ಪೇಡೆ ಹಂಚಿದಳು. ಪೇಡೆಯ ಜೊತೆಗೆ ಇಂಜಿನ್ನಿನ ಮಹಿಮೆಯನ್ನೂ ಹಂಚಿದಳು. ರೈಲ್ವೆಯವರು ಮಾಡಿದ್ದನ್ನು ಊದುಬತ್ತಿಯ ಕೊಳವೆ ಮಾಡಿತೆಂದು ಜನ ನಂಬಿದರು. ಕೆಲವರು ನೋಡಲು ಬಂದರು, ಒಬ್ಬಾಕೆ ಕುಂಕುಮ ಹಚ್ಚಲು ಹೋದಾಗ ಬಣ್ಣ ಕೆಡುತ್ತದೆಂದು ಕೈ ಹಿಡಿದು ತಡೆದೆ. ನಮ್ಮವರು ಪಂಚಾಂಗ ತೆರೆದು, "ಇನ್ನ ತಡ ಮಾಡಬಾರದು. ಬರೂ ಗುರುವಾರ ಮಂತ್ರಾಲಯಕ್ಕ ಹೋಗಿ ಒಪ್ಪಿಸಿ ಬರೂಣು," ಎಂದರು. ಅಂದರೆ ಐದು ದಿನ.

ಆ ಐದು ದಿನ ನಾನು ಏನೇನು ಯೋಚಿಸಿದೆ ಎಂದು ಹೇಳಿದರೆ ನೀವು ನನ್ನನ್ನು ಹಗುರವಾಗಿ ನೋಡುತ್ತೀರಿ. ಇನ್ನೊಂದು ಇಂಜಿನ್ನನ್ನು ಗಡಿಬಿಡಿಯಲ್ಲಿ ಕಟ್ಟಿ, ಅಸಲನ್ನು ಬಚ್ಚಿಟ್ಟು ನಕಲನ್ನು ಕೊಟ್ಟರೆ ಹೇಗೆ ಎಂದೂ ಯೋಚಿಸಿದೆ. ನಕಲು ತೆಗೆಯುವುದು ನನ್ನ ಕಸುಬು, ನಿಜ. ಆದರೆ ದೇವರಿಗೆ ಕೊಡಲೆಂದು ಸುಳ್ಳಿನ ಮೇಲೆ ಸುಳ್ಳನ್ನು ಹಾಸಿ ಗೆರೆ ತೆಗೆಯಲು ಕೈ ಏಳಲಿಲ್ಲ. ಗುರುವಾರ ಬೆಳಿಗ್ಗೆ ಇಂಜಿನ್ನನ್ನು ಸಿಹಿ ಡಬ್ಬಿಯಲ್ಲಿಟ್ಟು, ಈರಮ್ಮ ಹೊಲಿದುಕೊಟ್ಟಿದ್ದ ಕೆಂಪು ಮಖಮಲ್ಲಿನ ಹೊದಿಕೆ ಹೊದಿಸಿ, ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಅಗಲ ಹಳಿಯ ದೊಡ್ಡ ರೈಲಿನೊಳಗೆ ನನ್ನ ಎರಡಡಿಯ ರೈಲು, ಸೊಸೆಯ ತವರಿಗೆ ಹೊರಟ ಬಡ ನೆಂಟನ ಹಾಗೆ ಸದ್ದಿಲ್ಲದೆ ಪ್ರಯಾಣ ಮಾಡಿತು.

ತುಂಗಭದ್ರೆಯ ಮೆಟ್ಟಿಲ ಮೇಲೆ ನಮ್ಮವರು ಕಾಲು ತೊಳೆದು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿ, ಡಬ್ಬಿಗಾಗಿ ಕೈ ಚಾಚಿದರು. ನಾನು ಕೊಡಲಿಲ್ಲ.

"ನಾನು ಹರಕಿ ಹೊತ್ತಿಲ್ಲ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಏನು?"

"ಯಾರಿಗ ಅಂತ ಕೇಳಿದ್ರಿ. ಬಾಯಿಗೆ ಬಂತು, ಅಂದೆ. ಇದು ನನಗಾಗಿ ಮಾಡಿಕೊಂಡದ್ದು."

ಅವರು ಮೆಟ್ಟಿಲ ಮೇಲೆ ಕೂತರು. ನದಿಯಲ್ಲಿ ನೀರು ಕಡಿಮೆಯಿತ್ತು. ಬಂಡೆಗಳ ನಡುವೆ ಜನ ಬಿಂದಿಗೆ ಮುಳುಗಿಸಿ ಮೀಯುತ್ತಿದ್ದರು. ಅವರು ತರಗತಿಯಲ್ಲಿ ವ್ಯಾಕರಣ ಕೇಳುವ ದನಿಯಲ್ಲಿ ಕೇಳಿದರು: "ಸಂಕಲ್ಪ ಮಾಡಿದ್ದಿಯೇನು?"

"ಇಲ್ಲ."

"ಮನಸ್ಸಿನಾಗರ ದೇವರಿಗೆ ಅಂದುಕೊಂಡಿದ್ದಿ?"

"ಇಲ್ಲ. ಒಂದು ದಿನಾನೂ ಇಲ್ಲ."

"ಹಂಗಾದ್ರ ಇದು ಹರಕಿ ಅಲ್ಲ. ಬರೀ ಸುಳ್ಳು."

ಬರೀ ಸುಳ್ಳು ಎಂಬ ಮಾತು ಕಿವಿಗೆ ಇಷ್ಟು ತಂಪಾಗಿ ಬೀಳಬಹುದೆಂದು ನಾನು ಎಣಿಸಿರಲಿಲ್ಲ. ಆದರೆ ಅವರ ಮುಖ ತಂಪಾಗಿರಲಿಲ್ಲ. "ನನಗ ಹೇಳಿದ್ರ ನಾ ಏನು ಬ್ಯಾಡ ಅಂತಿದ್ನೇನು?" ಎಂದರು.

"ಬ್ಯಾಡ ಅಂತಿರಲಿಲ್ಲ. ಯಾಕ ಅಂತಿದ್ರಿ."

ಮಾತಿನಲ್ಲಿ ಅವರನ್ನು ಗೆದ್ದೆನೆಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವರು ಕಾಲಬೆರಳುಗಳನ್ನು ನೋಡುತ್ತ ಕೂತಿದ್ದರು. ಆಮೇಲೆ ಎದ್ದು ಧೋತರ ಕೊಡವಿಕೊಂಡು ಹೇಳಿದರು: "ನಿಂದು ಸುಳ್ಳು. ಆದ್ರ ಈರಮ್ಮಂದು ಖರೇ ಹರಕಿ. ಆಕಿ ಮನಸ್ಸಿಟ್ಟು ಬೇಡಿಕೊಂಡಾಳ, ಕೆಲಸಾನೂ ಆಗ್ಯದ. ಇದನ್ನ ಕೊಡಬೇಕೋ ಬ್ಯಾಡೋ ಅಂತ ನೀನೂ ಹೇಳೋಹಂಗಿಲ್ಲ, ನಾನೂ ಹೇಳೋಹಂಗಿಲ್ಲ. ಆಕಿನ್ನ ಕೇಳು. ಕೊಡ್ರಿ ಅಂದ್ರ, ಮುಂದಿನ ಗುರುವಾರ ತಂದು ಕೊಡಬೇಕು."

ದರ್ಶನ ಮುಗಿಸಿ, ಡಬ್ಬಿಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆವು.

ಮರುದಿನ ಹನ್ನೊಂದರ ಹೊತ್ತಿಗೆ ಈರಮ್ಮನನ್ನು ನಮ್ಮ ಪಡಸಾಲೆಗೆ ಕರೆದೆ. ನಮ್ಮವರು ಆಗತಾನೇ ಚೀಲ ಹಿಡಿದು ತರಕಾರಿಗೆ ಹೋಗಿದ್ದರು. ಬೇಕೆಂದೇ ಹೋದರೆಂದು ನನ್ನ ಅನುಮಾನ. ಈರಮ್ಮ ಮೇಜಿನ ಮೇಲೆ ಇಂಜಿನ್ನನ್ನು ಕಂಡು ಹುಬ್ಬೇರಿಸಿದಳು. ನಾನು ಮುಖ ನೋಡದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ನಿನಗ ಮೋಸ ಮಾಡಿದೆ ಈರಮ್ಮ. ನೀ ಕೊಡ್ರಿ ಅಂದ್ರ ಕೊಟ್ಟು ಬರ್ತೀನಿ," ಎಂದು ಮುಗಿಸಿದೆ.

ಅವಳು ನಕ್ಕಳು. ಅವಮಾನ ಮಾಡುವ ನಗುವಲ್ಲ. ದಾರ ಸೂಜಿಗೆ ಪೋಣಿಸಿದಾಗ ಬರುವ ನಗು.

"ನನಗ ಗೊತ್ತಿತ್ತು ಬಿಡ್ರಿ ಅಕ್ಕಾ."

"ಹೆಂಗ?"

"ಆ ಚಿಮಣಿ ಎಷ್ಟ್ ಸಾರಿ ಕಿತ್ತಿ ಹಚ್ಚಿದ್ರಿ? ಗ್ವಾಡಿ ಮ್ಯಾಲಿಂದ ನೋಡ್ತಿದ್ದೆ. ದೇವರ ಸಾಮಾನಾಗಿದ್ರ ಒಂಚೂರು ಸೊಟ್ಟ ಇದ್ರೂ ಬಿಡ್ತಿದ್ರಿ. ದೇವರಿಗೆ ಸೊಟ್ಟ ನಡೀತೈತಿ. ನಮಗ ಬೇಕಾಗಿದ್ದು ಸೊಟ್ಟ ಇದ್ರ ನಡಿಯಂಗಿಲ್ಲ."

"ಮತ್ತ ಗೊತ್ತಿದ್ದೂ ನೀ ಯಾಕ ಹರಕಿ ಸೇರಿಸಿದಿ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮಗಳಿಗೆ ಸರ್ಕಾರಿ ನೌಕರಿ ಐತಿ, ಪುಣ್ಯವಂತಿ ಅಂತಾರ ಎಲ್ಲಾರೂ. ಹೌದು, ಪುಣ್ಯವಂತಿನೇ. ಆಕಿ ದೂರ ಅದಾಳ, ನನ್ ಹತ್ರ ಇರಬೇಕು ಅಂತ ಯಾರ್ ಮುಂದ ಅನ್ಲಿ? ಆಕಿ ಮುಂದ ಅಂದ್ರ ಆಕಿ ಅಳ್ತಾಳ. ಮಂದಿ ಮುಂದ ಅಂದ್ರ ನಗ್ತಾರ. ಹರಕಿ ಅಂದ್ರ ನೋಡ್ರಿ, ಯಾರೂ ಯಾಕ ಅಂತ ಕೇಳಂಗಿಲ್ಲ. ನಿಮ್ಮಿಂದನ ಕಲ್ತೆ."

ಹೆಂಗಸರ ಭಕ್ತಿಯ ಬಗ್ಗೆ ಬಹಳ ಪುರಾಣಗಳನ್ನು ನಾನು ಕೇಳಿದ್ದೇನೆ, ನಮ್ಮವರೇ ಎಷ್ಟೋ ಹೇಳಿದ್ದಾರೆ. ನಮ್ಮ ಬೀದಿಯಲ್ಲಿ ಸಲ್ಲುವ ಹರಕೆಗಳಲ್ಲಿ 'ನನಗೆ ಬೇಕು' ಎಂಬ ಮಾತಿನ ಮೇಲೆ ಹೊದಿಸಿದ ಮಖಮಲ್ಲುಗಳೆಷ್ಟು ಎಂಬುದನ್ನು ಯಾವ ಪುರಾಣವೂ ಹೇಳಿಲ್ಲ. ದೇವರಿಗೆ ತಿಳಿದಿರಬಹುದು, ಅವನು ಸಭ್ಯ, ಸುಮ್ಮನಿದ್ದಾನೆ.

"ಹಂಗಾದ್ರ ನಿನ್ನ ಹರಕಿ?" ಎಂದೆ.

"ನಂದು ನಾ ತೀರಿಸ್ತೀನಿ. ರೇಣುಕಾ ಬಂದ್ ಮ್ಯಾಲ ಇಬ್ರೂ ಹೋಗಿ ಕಾಯಿ ಒಡಿಸಿ ಬರ್ತೀವಿ. ದೇವರು ಇಂಜಿನ್ ತಗಂಡು ಏನ್ ಮಾಡ್ತಾನ್ರಿ, ಆತಗ ಎಲ್ಲಿಗೆ ಹೋಗೋದೈತಿ? ಓಡಸ್ರಿ, ನೋಡಮು. ನಾ ಇನ್ನೂ ಸರಿಯಾಗಿ ನೋಡೇ ಇಲ್ಲ."

ಹಳಿ ಹಾಸಿದೆ. ಈ ಸಲ ಆಟಿಕೆಯ ಜೊತೆ ಬಂದಿದ್ದ ರೈಲುಡಬ್ಬಿಯೊಂದರಲ್ಲಿ ಸೆಲ್ಲುಗಳನ್ನಿಟ್ಟು ಇಂಜಿನ್ನಿನ ಹಿಂದೆ ಕಟ್ಟಬೇಕೆಂದುಕೊಂಡೆ. ಈರಮ್ಮ ಗೋಡೆಯಾಚೆಯ ತನ್ನ ಹೊಲಿಗೆ ಪೆಟ್ಟಿಗೆಯಿಂದ ಬ್ಲೌಸಿನ ಹುಕ್ಕೊಂದನ್ನು ತೆಗೆದು ಕೊಟ್ಟಳು. ಕೊಂಡಿ ಸರಿಯಾಗಿ ಕೂತಿತು. ಸ್ವಿಚ್ಚು ಒತ್ತಿದರೆ ಚಕ್ರಗಳು ಗರಗರನೆ ತಿರುಗಿದವು, ಇಂಜಿನ್ನು ಮಾತ್ರ ಇದ್ದಲ್ಲೇ ಇತ್ತು. ಹಿಂದಿನ ಭಾರಕ್ಕೆ ರಟ್ಟಿನ ಮೈ ಹಳಿಯನ್ನು ಹಿಡಿಯಲಾರದೆ ಜಾರುತ್ತಿತ್ತು. ಮೂರು ತಿಂಗಳ ದುಡಿಮೆ ಈರಮ್ಮನ ಎದುರಿಗೆ ಒಂದೇ ಜಾಗದಲ್ಲಿ ಓಡುತ್ತ ನಿಂತಿತ್ತು. ಅಣೆಕಟ್ಟು ಕಟ್ಟುವವರು ಕಬ್ಬಿಣದಲ್ಲೇಕೆ ಇಂಜಿನ್ನು ಮಾಡಿಸಿದರೆಂದು ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಗೆರೆ ತೆಗೆದವಳಿಗೆ ತೂಕದ ಯೋಚನೆ ಬಂದಿರಲಿಲ್ಲ.

"ಹೊಟ್ಯಾಗ ಏನೂ ಇಲ್ಲ ಅದಕ್ಕ, ಪಾಪ," ಎಂದು ಈರಮ್ಮ ಎದ್ದು ಗೋಡೆಯ ಮೇಲಿಂದ ತನ್ನ ಹೊಲಿಗೆ ಯಂತ್ರದ ಡ್ರಾಯರಿಗೆ ಕೈ ಚಾಚಿ, ಉಕ್ಕಿನ ಬಾಬಿನ್ನುಗಳನ್ನು ಹಿಡಿಯಾಗಿ ತಂದಳು. ಬಾಯ್ಲರಿನ ಮುಂದಿನ ಮುಚ್ಚಳ ತೆಗೆದೆ. ಅವಳು ಒಂದೊಂದೇ ಬಾಬಿನ್ನನ್ನು ಒಳಗೆ ಜಾರಿಸಿದಳು. ಕೆಲವುಗಳ ಮೇಲೆ ಇನ್ನೂ ದಾರವಿತ್ತು, ನೀಲಿ, ಹಸಿರು, ಯಾರದೋ ಮದುವೆಯ ಅರಿಸಿನ ಬಣ್ಣದ್ದು. ಆರನೆಯದಕ್ಕೆ ಬಾಯ್ಲರು ತುಂಬಿತು.

ಸ್ವಿಚ್ಚು ಒತ್ತಿದೆ. ಇಂಜಿನ್ನು ಒಂದು ಕ್ಷಣ ತಡೆದು, ಹಳಿಯನ್ನು ಹಿಡಿದು, ಡಬ್ಬಿಯನ್ನು ಎಳೆದುಕೊಂಡು ಹೊರಟಿತು. ಮೊದಲಿನ ಗಡಿಬಿಡಿಯಿಲ್ಲ, ಕಲ್ಲು ಹೊತ್ತು ಅಭ್ಯಾಸವಿದ್ದವರ ಹಾಗೆ, ನಿಧಾನವಾಗಿ. ಈರಮ್ಮ ನೆಲದ ಮೇಲೆ ಅಡ್ಡ ಒರಗಿ, ಕೆನ್ನೆಯನ್ನು ಹಳಿಯ ಮಟ್ಟಕ್ಕೆ ತಂದು ನೋಡುತ್ತಿದ್ದಳು. ನಾನೂ ಹಾಗೆಯೇ ಒರಗಿದೆ. ಇಬ್ಬರು ಮುದುಕಿಯರು ಹಗಲು ಹನ್ನೆರಡಕ್ಕೆ ಪಡಸಾಲೆಯ ಬಂಡೆಯ ಮೇಲೆ ಮಲಗಿ ಕಿಸಿಕಿಸಿ ನಗುತ್ತಿರುವುದನ್ನು ಬೀದಿಯಲ್ಲಿ ಹೋಗುವವರು ನೋಡಿದರೋ ಇಲ್ಲವೋ ಗೊತ್ತಿಲ್ಲ.

ಆಗ ನಮ್ಮವರು ಬಂದರು. ಒಂದು ಕೈಯಲ್ಲಿ ಬದನೆಕಾಯಿಯ ಚೀಲ, ಇನ್ನೊಂದರಲ್ಲಿ ಪುಂಡಿಸೊಪ್ಪಿನ ಕಟ್ಟು. ಹಳಿ ಬಾಗಿಲಿಗೆ ಅಡ್ಡವಾಗಿತ್ತು. ದಾಟಬಹುದಿತ್ತು, ಒಂದು ಅಂಗುಲದ ಹಳಿ ಅದು. ನಾನು ಏಳಲು ಹೋದೆ. ಅವರು ಹೊಸ್ತಿಲ ಕೆಳಗೇ ನಿಂತು, ಚೀಲವನ್ನು ಕಾಲ ಬಳಿ ಇಳಿಸಿದರು.

"ಮಲಗ್ರಿ, ಮಲಗ್ರಿ. ಮೊದಲ ಅದು ಹೋಗಲಿ," ಎಂದರು. "ನನಗೇನೂ ಅವಸರ ಇಲ್ಲ."